ಓದುಗರ ಪ್ರಶ್ನೆ: ವೆಂಬ್ಲಿಯ ಬಾವುಟ, ಹೊಳೆಯ ಈಚೆ ದಡ

ಆಗಸ್ಟ್ 29 ಮೇಜರ್ ಧ್ಯಾನ್‌ಚಂದ್ ಅವರ ಜನ್ಮದಿನ. ಅಂದು ಸಂಜೆ ಕೊಪ್ಪಳದ ಒಂದು ವಿದ್ಯಾರ್ಥಿನಿಲಯದ ಊಟದ ಹಾಲ್‌ನಲ್ಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ ಮಕ್ಕಳಿಗೆ ‘ಗೋಲ್ಡ್’ ಎಂಬ ಹಿಂದಿ ಚಿತ್ರವನ್ನು ತೋರಿಸಿದ್ದನ್ನೂ, ಅವರ ನಡುವೆ ಕುಳಿತು ನಾನೂ ನೋಡಿದ್ದನ್ನೂ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. 2018ರ ಆಗಸ್ಟ್ 15ರಂದು ತೆರೆಕಂಡ ಈ ಚಿತ್ರ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಗೆದ್ದ ಮೊದಲ ಹಾಕಿ ಚಿನ್ನವನ್ನು ಆಧರಿಸಿದ್ದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹಾಕಿ ತಂಡ ಸ್ಪೇನ್ ತಂಡವನ್ನು 2–1ರಿಂದ ಸೋಲಿಸಿ ಕಂಚು ತಂದು ಆಗ ಮೂರೇ ವಾರ ಕಳೆದಿದ್ದರಿಂದ ಮಕ್ಕಳ ಹುರುಪು ಹೇಳತೀರದಷ್ಟಿತ್ತು. ಆ ಬರಹಕ್ಕೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಬೇರೆ ವಿಷಯದ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಇಟ್ಟು, ಈ ಬಾರಿ ಈ ಗೆಲುವಿನ ಕುರಿತ ಪತ್ರಗಳಿಗೆ ಮಾತ್ರ ಉತ್ತರಿಸುತ್ತಿದ್ದೇನೆ.

ಚಿತ್ರದಲ್ಲಿ ಫೈನಲ್ ಪಂದ್ಯ ಕೊನೆಯ ಗಳಿಗೆಯವರೆಗೂ ಉಸಿರು ಬಿಗಿಹಿಡಿಯುವಂತಿದೆ. ಆದರೆ ಕಾಲೇಜಿನಲ್ಲಿ ಓದುವ ನನ್ನ ಮಗ, ಆ ಪಂದ್ಯವನ್ನು ಭಾರತ 4–0ರಿಂದ ಸುಲಭವಾಗಿ ಗೆದ್ದಿತ್ತು ಎನ್ನುತ್ತಾನೆ. ಯಾವುದು ನಿಜ?
— ಓದುಗರೊಬ್ಬರು, ಕೌಲ್‌ಬಜಾರ್, ಬಳ್ಳಾರಿ

ನಿಮ್ಮ ಮಗ ಹೇಳಿದ್ದೇ ನಿಜ. 1948ರ ಆಗಸ್ಟ್ 12ರಂದು ವೆಂಬ್ಲಿ ಕ್ರೀಡಾಂಗಣದಲ್ಲಿ ಭಾರತವು ಗ್ರೇಟ್ ಬ್ರಿಟನ್ ತಂಡವನ್ನು ನಾಲ್ಕು ಗೋಲುಗಳಿಂದ ಸೋಲಿಸಿತು. ಬ್ರಿಟನ್ನಿಗೆ ಒಂದು ಗೋಲನ್ನೂ ಹೊಡೆಯಲಾಗಲಿಲ್ಲ. ಮೊದಲ ಎರಡು ಗೋಲುಗಳು ಬಲಬೀರ್ ಸಿಂಗ್ ಅವರವು. ಪ್ಯಾಟ್ರಿಕ್ ಜಾನ್ಸೆನ್ ಮತ್ತು ತ್ರಿಲೋಚನ್ ಸಿಂಗ್ ಒಂದೊಂದು ಹೊಡೆದರು. ಚಿತ್ರದಲ್ಲಿ ಆಟಗಾರರ ಹೆಸರುಗಳನ್ನು ಬದಲಿಸಿದ್ದಾರೆ, ಪಂದ್ಯದ ಅಂಕವನ್ನೂ ಬದಲಿಸಿದ್ದಾರೆ.

‘ಸುಲಭವಾಗಿ’ ಎಂಬ ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ. ಆ ಚಿನ್ನದ ದಾರಿಯಲ್ಲಿ ಕಷ್ಟ ಎದುರಾದದ್ದು ಫೈನಲ್‌ನಲ್ಲಲ್ಲ, ಅದಕ್ಕೂ ಮೊದಲು. ಆಸ್ಟ್ರಿಯ ವಿರುದ್ಧ 8–0, ಅರ್ಜೆಂಟೀನ ವಿರುದ್ಧ 9–1 ಎಂದು ಗೆದ್ದುಬಂದ ತಂಡ ಸ್ಪೇನ್ ಎದುರು ಎರಡೇ ಗೋಲು ಹೊಡೆಯಿತು. ಸೆಮಿಫೈನಲ್‌ನಲ್ಲಿ ನೆದರ್‌ಲ್ಯಾಂಡ್ಸ್ ಎದುರು 2–1ರಿಂದ ದಾಟಿಕೊಂಡಿತು. ಬಲಬೀರ್ ಸಿಂಗ್ ಅವರ ಕಥೆಯಂತೂ ಯಾವ ಚಿತ್ರಕಥೆಗೂ ಕಡಿಮೆಯದಲ್ಲ. ಅರ್ಜೆಂಟೀನ ವಿರುದ್ಧದ ಒಂಬತ್ತು ಗೋಲುಗಳಲ್ಲಿ ಆರನ್ನು ಅವರೊಬ್ಬರೇ ಹೊಡೆದಿದ್ದರು. ಅಂಥವರನ್ನು ಅದಾದ ಮೇಲೆ ಎರಡು ಪಂದ್ಯಗಳಲ್ಲಿ ಹೊರಗೆ ಕೂರಿಸಿ, ಫೈನಲ್‌ಗೆ ಮತ್ತೆ ಕರೆದರು. ಆ ಒಲಿಂಪಿಕ್ಸ್‌ನಲ್ಲಿ ಅವರು ಆಡಿದ್ದು ಎರಡೇ ಪಂದ್ಯ, ಹೊಡೆದದ್ದು ಎಂಟು ಗೋಲು. ಹೊರಗೆ ಕುಳಿತ ಆ ಇಪ್ಪತ್ತನಾಲ್ಕು ವರ್ಷದ ಯುವಕನ ಮುಖವನ್ನು ತೋರಿಸಿದ್ದರೆ ಸಾಕಾಗಿತ್ತು, ಉಸಿರು ತಾನಾಗಿಯೇ ಬಿಗಿಯುತ್ತಿತ್ತು. ಅಂಕಪಟ್ಟಿಯನ್ನು ತಿದ್ದುವ ಅಗತ್ಯ ಇರಲಿಲ್ಲ ಎಂಬುದು ನನ್ನ ಅನಿಸಿಕೆ.

ಆ ಪಂದ್ಯದ ಇನ್ನೊಂದು ಮಹತ್ವವನ್ನೂ ನಿಮ್ಮ ಮಗನಿಗೆ ಹೇಳಿ. ಭಾರತ ಚಿನ್ನ ಗೆದ್ದ 1928, 1932, 1936ರ ಮೂರೂ ಒಲಿಂಪಿಕ್ಸ್‌ಗಳ ಹಾಕಿಯಲ್ಲಿ ಬ್ರಿಟನ್ ಭಾಗವಹಿಸಿರಲಿಲ್ಲ. ತಾನು ಆಳುತ್ತಿದ್ದ ನಾಡಿನ ತಂಡವನ್ನು ಅದು ಒಲಿಂಪಿಕ್ಸ್ ಮೈದಾನದಲ್ಲಿ ಎದುರಿಸಿದ್ದು, ಆ ನಾಡು ಕೈಬಿಟ್ಟು ಹೋದ ಮೇಲೆಯೇ, ಅದೂ ತನ್ನದೇ ರಾಜಧಾನಿಯಲ್ಲಿ.

ಚಿತ್ರದಲ್ಲಿ ಬರಿಗಾಲಲ್ಲಿ ಆಡುವ ಪ್ರಸಂಗವಿದೆ. ನಿಜವಾಗಿಯೂ ಹಾಗೆ ನಡೆದಿತ್ತೇ? ಬೂಟು ಕೊಳ್ಳಲು ದುಡ್ಡಿರಲಿಲ್ಲವೆಂದು ನಮ್ಮೂರಿನಲ್ಲಿ ಹೇಳುತ್ತಾರೆ.
— ಓದುಗರೊಬ್ಬರು, ಸಿಂಧನೂರು

ನಡೆದಿತ್ತು. ಆದರೆ ಕಾರಣ ಬಡತನವಲ್ಲ, ಮಳೆ. ಫೈನಲ್‌ನ ದಿನ ವೆಂಬ್ಲಿಯ ಹುಲ್ಲು ನೆಲ ನೆನೆದು ಕೆಸರಾಗಿತ್ತು. ಗಟ್ಟಿ ನೆಲದ ಮೇಲೆ ಚೆಂಡನ್ನು ಕೋಲಿಗೆ ಅಂಟಿಸಿಕೊಂಡಂತೆ ಓಡುವುದರಲ್ಲಿ ನಮ್ಮವರ ಆಟದ ಸೊಬಗೆಲ್ಲ ಇತ್ತು. ಕೆಸರಿನಲ್ಲಿ ಚೆಂಡು ನಿಂತಲ್ಲೇ ನಿಲ್ಲುತ್ತದೆ, ತಿರುಗಲು ಹೋದರೆ ಬೂಟು ಜಾರುತ್ತದೆ. ನಾಯಕ ಕಿಶನ್ ಲಾಲ್ ಮತ್ತು ಉಪನಾಯಕ ಕೆ.ಡಿ. ಸಿಂಗ್ ‘ಬಾಬು’ ಬೂಟು ಬಿಚ್ಚಿಟ್ಟು ಬರಿಗಾಲಿನಲ್ಲಿ ಆಡಿದರು.

ಸಿಂಧನೂರಿನವರಾದ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಜಿಟಿಜಿಟಿ ಮಳೆ ಹಿಡಿದ ದಿನ ಎರೆ ಹೊಲದಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿಯ ಅಡಿಗೆ ಮಣ್ಣು ಮೆತ್ತಿ ಮೆತ್ತಿ ಹೆಂಟೆಯಾಗಿ, ಒಂದೊಂದು ಕಾಲೂ ಕಲ್ಲು ಕಟ್ಟಿದಷ್ಟು ಭಾರವಾಗುತ್ತದೆ. ಆಗ ಯಾವ ರೈತನೂ ಯೋಚಿಸುತ್ತ ನಿಲ್ಲುವುದಿಲ್ಲ. ಚಪ್ಪಲಿಯನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳನ್ನು ನೆಲಕ್ಕೆ ಊರಿ, ಮಣ್ಣಿನ ಹಿಡಿತ ನೋಡಿಕೊಂಡು ಮುಂದಿನ ಹೆಜ್ಜೆ ಇಡುತ್ತಾನೆ. ಲಂಡನ್ನಿನ ನೆಲ ಎರೆಯಲ್ಲವಾದರೂ ಕಾಲಿನ ಬುದ್ಧಿ ಒಂದೇ. ವಿದ್ಯಾರ್ಥಿನಿಲಯದಲ್ಲಿ ಚಿತ್ರ ನೋಡುವಾಗ ನನ್ನ ಪಕ್ಕದಲ್ಲಿದ್ದ ಹುಡುಗನೊಬ್ಬ ಇದನ್ನು ನನಗಿಂತ ಮೊದಲೇ ಗ್ರಹಿಸಿ, “ಜಾರತೈತಿ, ಅದಕ್ಕ ಬಿಚ್ಚಿದ್ರು” ಎಂದು ಗೆಳೆಯನಿಗೆ ಪಿಸುಗುಟ್ಟಿದ.

ಬೂಟಿಗೆ ದುಡ್ಡಿರಲಿಲ್ಲ ಎಂಬ ಮಾತು ಅದೇ ಒಲಿಂಪಿಕ್ಸ್‌ನ ಫುಟ್‌ಬಾಲ್ ಕಥೆಯೊಡನೆ ಬೆರೆತಿರಬೇಕು. ಫ್ರಾನ್ಸ್ ಎದುರು 2–1ರಿಂದ ಸೋತ ನಮ್ಮ ಫುಟ್‌ಬಾಲ್ ತಂಡದ ಬಹುಪಾಲು ಆಟಗಾರರು ರೂಢಿಯಿಂದಲೇ ಬರಿಗಾಲಿನವರು.

ನಮ್ಮ ಅಜ್ಜನಿಗೆ ಈಗ ಎಂಬತ್ತಾರು ವರ್ಷ. ತಮ್ಮ ಬರಹ ಓದಿದ ಮೇಲೆ ನನ್ನ ಮಗಳು ಅವರಿಗೆ ಮನೆಯಲ್ಲೇ ಆ ಚಿತ್ರ ತೋರಿಸಿದಳು. ಕೊನೆಯಲ್ಲಿ ಬಾವುಟ ಏರುವಾಗ ಅಜ್ಜ ಬಿಕ್ಕಿ ಬಿಕ್ಕಿ ಅತ್ತರು. ಕೇಳಿದರೆ, “ಅವತ್ತು ಅದು ನಮ್ಮ ಬಾವುಟ ಆಗಿದ್ದಿಲ್ಲವ್ವಾ, ಹೊಳಿ ಆಚಿ ಕಡಿಯವರದ್ದಾಗಿತ್ತು” ಎಂದರು. ಆಗ ತಾವು ಹೊಸಪೇಟೆಯ ಬಂಧುಗಳ ಮನೆಯಲ್ಲಿದ್ದುದಾಗಿಯೂ, ಹೋಟೆಲಿನ ಮುಂದೆ ಯಾರೋ ಪತ್ರಿಕೆ ಓದಿ ಹೇಳಿದಾಗ ಜನ ಚಪ್ಪಾಳೆ ತಟ್ಟಿದ್ದಾಗಿಯೂ, ಎರಡು ಮೂರು ದಿನಗಳಲ್ಲಿ ತಮಗೆ ಜೋಳದ ದಂಟಿಗೆ ಅಂಟಿಸಿದ ಕಾಗದದ ಬಾವುಟ ಸಿಕ್ಕಿದ್ದಾಗಿಯೂ ಹೇಳುತ್ತಾರೆ. ಊರಿಗೆ ಒಯ್ಯಬೇಡವೆಂದು ಅವರ ತಾಯಿ ಅದನ್ನು ಕಿತ್ತುಕೊಂಡರಂತೆ. 1947ರಲ್ಲೇ ಸ್ವಾತಂತ್ರ್ಯ ಬಂದಿತ್ತಲ್ಲ, ಮುತ್ತಜ್ಜನಿಗೆ ಮರೆವು ಎಂದು ಮಕ್ಕಳು ನಗುತ್ತಾರೆ. ನನಗೂ ಏನು ಹೇಳಬೇಕೆಂದು ತಿಳಿಯದು.
— ಓದುಗರೊಬ್ಬರು, ಯಲಬುರ್ಗಾ ತಾಲ್ಲೂಕು

ತಾಯಿ, ನಿಮ್ಮ ಅಜ್ಜನವರಿಗೆ ಮರೆವು ಬಂದಿಲ್ಲ. ಈ ತಿಂಗಳು ಬಂದ ಪತ್ರಗಳಲ್ಲೆಲ್ಲ ಇತಿಹಾಸವನ್ನು ಅತ್ಯಂತ ಸರಿಯಾಗಿ ಹೇಳಿದವರು ಅವರೇ.

1947ರ ಆಗಸ್ಟ್ 15ರಂದು ಬಳ್ಳಾರಿ ಜಿಲ್ಲೆ ಸ್ವತಂತ್ರವಾಯಿತು, ಏಕೆಂದರೆ ಅದು ಮದ್ರಾಸ್ ಪ್ರಾಂತದ ಭಾಗವಾಗಿತ್ತು. ಹೊಸಪೇಟೆ ಆಗ ಆ ಜಿಲ್ಲೆಯ ಊರು. ರಾಯಚೂರು ಜಿಲ್ಲೆ ಮಾತ್ರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆ ಕಾಲಕ್ಕೆ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಗಳೆಲ್ಲ ರಾಯಚೂರಿನೊಳಗೇ ಇದ್ದವು. ನಿಜಾಮರು ಭಾರತ ಒಕ್ಕೂಟಕ್ಕೆ ಸೇರಲು ಒಪ್ಪಲಿಲ್ಲ. ಹೀಗಾಗಿ ತುಂಗಭದ್ರೆಯ ಒಂದು ದಡದಲ್ಲಿ ತ್ರಿವರ್ಣ ಧ್ವಜ ಹಾರಿಸುವುದು ಹಬ್ಬವಾಗಿದ್ದರೆ, ಇನ್ನೊಂದು ದಡದಲ್ಲಿ ಅದೇ ಧ್ವಜವನ್ನು ಕೈಯಲ್ಲಿ ಹಿಡಿಯುವುದು ಅಪರಾಧವಾಗಿತ್ತು. ಅಣೆಕಟ್ಟಿನ ಕೆಲಸ ಕೂಡ ಹೀಗೆಯೇ, ಒಂದು ದಡ ಮದ್ರಾಸಿನದು, ಮತ್ತೊಂದು ದಡ ಹೈದರಾಬಾದಿನದು ಎಂದು ನಡೆದಿತ್ತು. ನಿಜಾಮರ ಪರವಾದ ಸಶಸ್ತ್ರ ಪಡೆ ರಜಾಕಾರರ ಹಾವಳಿ ಹೆಚ್ಚಿದ 1948ರಲ್ಲಿ ಹಳ್ಳಿಹಳ್ಳಿಗಳ ಜನ ಹೆಂಗಸರು ಮಕ್ಕಳನ್ನು ಗಡಿಯಾಚೆಯ ಊರುಗಳಿಗೆ ಸಾಗಿಸಿದರು. ಹೋರಾಟಗಾರರು ಗಡಿಯುದ್ದಕ್ಕೂ ಶಿಬಿರಗಳನ್ನು ಕಟ್ಟಿದ್ದರು. ಅಳವಂಡಿ ಶಿವಮೂರ್ತಿಸ್ವಾಮಿಯವರ ಮುಂದಾಳತ್ವದ ಮುಂಡರಗಿ ಶಿಬಿರದ ಹೆಸರನ್ನು ನಿಮ್ಮ ತಾಲ್ಲೂಕಿನ ಹಿರಿಯರೆಲ್ಲ ಬಲ್ಲರು. ಹತ್ತು ವರ್ಷದ ಹುಡುಗನೊಬ್ಬ ತಾಯಿಯ ಜೊತೆ ಹೊಸಪೇಟೆಯ ಬಂಧುಗಳ ಮನೆಯಲ್ಲಿದ್ದ ಎಂದರೆ ಅದು ಆ ವರ್ಷದ ನೂರಾರು ಮನೆಗಳ ಕಥೆ.

ಈಗ ಅಜ್ಜನವರ ನೆನಪನ್ನು ಕ್ಯಾಲೆಂಡರಿನ ಮೇಲೆ ಇಟ್ಟು ನೋಡೋಣ. ವೆಂಬ್ಲಿಯ ಫೈನಲ್ ನಡೆದದ್ದು 1948ರ ಆಗಸ್ಟ್ 12, ಗುರುವಾರ. ಸುದ್ದಿ ಪತ್ರಿಕೆಯಲ್ಲಿ ಅಚ್ಚಾಗಿ ಹೊಸಪೇಟೆಯ ಹೋಟೆಲಿಗೆ ತಲುಪುವ ಹೊತ್ತಿಗೆ ಶುಕ್ರವಾರವೋ ಶನಿವಾರವೋ ಆಗಿರಬೇಕು. ಅದರ ಬೆನ್ನಿಗೇ ಭಾನುವಾರ ಆಗಸ್ಟ್ 15, ಸ್ವಾತಂತ್ರ್ಯದ ಮೊದಲ ವಾರ್ಷಿಕೋತ್ಸವ. “ಎರಡು ಮೂರು ದಿನಗಳಲ್ಲಿ” ಕಾಗದದ ಬಾವುಟ ಸಿಕ್ಕಿತೆಂದು ಅವರು ಹೇಳುವುದು ಅಕ್ಷರಶಃ ಹೊಂದುತ್ತದೆ. ಭಾರತದ ಸೇನೆ ಹೈದರಾಬಾದಿನೊಳಕ್ಕೆ ಹೊರಟದ್ದು ಸೆಪ್ಟೆಂಬರ್ 13ರಂದು. ನಿಜಾಮರು ಶರಣಾದದ್ದು ಸೆಪ್ಟೆಂಬರ್ 17ರಂದು. ವೆಂಬ್ಲಿಯಲ್ಲಿ ಬಾವುಟ ಏರಿದ ದಿನಕ್ಕೂ ನಿಮ್ಮೂರಿನಲ್ಲಿ ಅದನ್ನು ಹೆದರಿಕೆಯಿಲ್ಲದೆ ಏರಿಸಬಹುದಾದ ದಿನಕ್ಕೂ ನಡುವೆ ಮೂವತ್ತಾರು ದಿನಗಳ ಅಂತರವಿತ್ತು. ಆ ಮೂವತ್ತಾರು ದಿನ ಮಗನ ಕೈಯಲ್ಲಿ ಆ ಕಾಗದ ಕಂಡರೆ ಏನಾದೀತೆಂದು ತಾಯಿ ಹೆದರಿದ್ದು ಸಹಜ.

ಚಿತ್ರದಲ್ಲಿ ಈ ಸಂಗತಿ ಇಲ್ಲ, ಇರಬೇಕೆಂದು ನಿರೀಕ್ಷಿಸುವುದೂ ತಪ್ಪು. ಇನ್ನೂರು ವರ್ಷ ಆಳಿದವರ ನೆಲದಲ್ಲಿ ನಮ್ಮ ಬಾವುಟ ಏರಿತು ಎಂಬ ಕಥೆ ದೇಶದ ಕಥೆ, ಅದು ನಿಜ. ಆದರೆ ಕೊಪ್ಪಳ, ರಾಯಚೂರಿನ ನಮಗೆ ಆ ಕಥೆ ಒಂದು ತಿಂಗಳು ತಡವಾಗಿ ಸೇರಿತು ಎಂಬುದೂ ಅಷ್ಟೇ ನಿಜ. ನಿಮ್ಮ ಪತ್ರ ಓದುವವರೆಗೆ ನಾನು ಈ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಸೆಪ್ಟೆಂಬರ್ 17ರ ಬಗ್ಗೆ ಎಷ್ಟೋ ಬಾರಿ ಬರೆದಿದ್ದೇನೆ, 1948ರ ಹಾಕಿಯ ಬಗ್ಗೆಯೂ ಬರೆದಿದ್ದೇನೆ. ಎರಡೂ ಒಂದೇ ಮಳೆಗಾಲದವು ಎಂದು ನನಗೆ ತಿಳಿಸಿಕೊಟ್ಟದ್ದು ನಿಮ್ಮ ಅಜ್ಜನವರ ಕಣ್ಣೀರು.

ಒಂದು ಕೆಲಸ ಮಾಡಿ. ಅವರನ್ನು ಬೆಳಗಿನ ಹೊತ್ತು, ದಣಿವಿಲ್ಲದಾಗ ಕೂರಿಸಿಕೊಂಡು ಮಗಳ ಫೋನಿನಲ್ಲಿ ಅವರ ಮಾತನ್ನು ಮುದ್ರಿಸಿಕೊಳ್ಳಿ. ಹೊಳೆ ದಾಟಿದ್ದು ದೋಣಿಯಲ್ಲೋ ಹರಿಗೋಲಿನಲ್ಲೋ ರೈಲಿನಲ್ಲೋ, ಹೊಸಪೇಟೆಯಲ್ಲಿ ಯಾವ ಓಣಿ, ಪತ್ರಿಕೆ ಓದಿದವರು ಎಂಥವರು, ತಾಯಿ ಆ ಬಾವುಟವನ್ನು ಹರಿದರೋ ಬಚ್ಚಿಟ್ಟರೋ, ಊರಿಗೆ ಮರಳಿದ್ದು ಯಾವಾಗ ಎಂದು ಒಂದೊಂದನ್ನೇ ಕೇಳಿ. ಅವರು ತಡೆದು ನಿಂತರೆ ಕಾಯಿರಿ, ಮಾತನ್ನು ನೀವು ಪೂರ್ತಿ ಮಾಡಬೇಡಿ. ಅವರ ನುಡಿಯಲ್ಲೇ ಬರೆದಿಡಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ನಗುವ ಮಕ್ಕಳೇ ಬರೆದುಕೊಂಡರೆ ಇನ್ನೂ ಒಳ್ಳೆಯದು.

ದೇಶವಿಭಜನೆಯಿಂದ ತಂಡವೇ ಒಡೆದುಹೋಯಿತೆಂದು ಚಿತ್ರದಲ್ಲಿ ತೋರಿಸಿದ್ದಾರೆ. ಅದು ಉತ್ಪ್ರೇಕ್ಷೆಯೇ?
— ಓದುಗರೊಬ್ಬರು, ರಾಯಚೂರು

ಉತ್ಪ್ರೇಕ್ಷೆಯಲ್ಲ. ಭಾರತದ ಹಾಕಿಗೆ ಪಂಜಾಬು ದೊಡ್ಡ ಆಸರೆಯಾಗಿತ್ತು, ಆ ಪಂಜಾಬೇ ಎರಡಾಯಿತು. 1936ರ ಬರ್ಲಿನ್‌ನಲ್ಲಿ ಭಾರತಕ್ಕಾಗಿ ಆಡಿ ಚಿನ್ನ ಗೆದ್ದಿದ್ದ ಅಲಿ ದಾರಾ 1948ರಲ್ಲಿ ಅದೇ ಲಂಡನ್ನಿಗೆ ಬಂದದ್ದು ಪಾಕಿಸ್ತಾನದ ನಾಯಕರಾಗಿ. ಇತ್ತ ಲಾಹೋರಿನಿಂದ ಬಂದ ಕೇಶವ ದತ್ ಭಾರತದ ತಂಡದಲ್ಲಿದ್ದರು. ಪಂಜಾಬಿನ ಆಟಗಾರರು ಹಂಚಿಹೋದ ಮೇಲೆ ಮುಂಬಯಿಯ ಆಟಗಾರರೂ ಬಂಗಾಳದ ರೈಲ್ವೆ ವಸತಿಗಳ ಆಂಗ್ಲೋ ಇಂಡಿಯನ್ನರೂ ತಂಡವನ್ನು ತುಂಬಿದರು. ಮುಂದೆ ಮೂರು ಚಿನ್ನ, ಒಂದು ಬೆಳ್ಳಿ ಗಳಿಸಿದ ಲೆಸ್ಲಿ ಕ್ಲಾಡಿಯಸ್ ಅಂಥವರಲ್ಲೊಬ್ಬರು.

ನನ್ನನ್ನು ಬಹಳ ಕಾಡುವುದು ಇನ್ನಿಬ್ಬರ ಕಥೆ. ಲತೀಫ್-ಉರ್-ರೆಹಮಾನ್ ಮತ್ತು ಅಖ್ತರ್ ಹುಸೇನ್ 1948ರಲ್ಲಿ ಭಾರತದ ಚಿನ್ನದ ತಂಡದಲ್ಲಿದ್ದರು. ಮುಂದೆ ಇಬ್ಬರೂ ಪಾಕಿಸ್ತಾನಕ್ಕೆ ಹೋದರು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಆ ದೇಶದ ತಂಡದಲ್ಲಿ ಬಂದರು. ಫೈನಲ್‌ನಲ್ಲಿ ಪಾಕಿಸ್ತಾನವನ್ನು ಭಾರತ ಒಂದೇ ಒಂದು ಗೋಲಿನಿಂದ ಸೋಲಿಸಿತು. ಆ ಗೋಲು ಹೊಡೆದವರು ರಣಧೀರ್ ಸಿಂಗ್ ಜಂಟಲ್. ಎಂಟು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಆ ಇಬ್ಬರ ಜೊತೆ ಒಂದೇ ಅಂಗಿ ತೊಟ್ಟಿದ್ದವರು ಅವರು. ಇದರ ಮೇಲೆ ಒಂದು ಚಿತ್ರ ಬರಬೇಕು, ಅಂಕ ತಿದ್ದದೆ.

ಆ ತಂಡದಲ್ಲಿ ನಮ್ಮ ಕಡೆಯವರು ಯಾರಾದರೂ ಇದ್ದರೇ?
— ಓದುಗರೊಬ್ಬರು, ಸಂಡೂರು

ಗೋಲ್‌ಕೀಪರ್ ರಂಗನಾಥನ್ ಫ್ರಾನ್ಸಿಸ್ ಮದ್ರಾಸಿನವರು. ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಲ್ಲಿಯವರೆಗೆ ಸಂಡೂರು ಸಂಸ್ಥಾನವನ್ನು ಬಿಟ್ಟು ಉಳಿದ ಬಳ್ಳಾರಿ ಸೀಮೆಗೂ ಮದ್ರಾಸೇ ರಾಜಧಾನಿ. ಸಂಡೂರು ಮದ್ರಾಸಿಗೆ ಸೇರಿದ್ದು 1949ರಲ್ಲಿ. ಆ ಲೆಕ್ಕದಲ್ಲಿ ಬಳ್ಳಾರಿಯವರು ಫ್ರಾನ್ಸಿಸ್ ಅವರನ್ನು ತಮ್ಮವರೆನ್ನಲು ಅಡ್ಡಿಯಿಲ್ಲ. ಅವರು 1948, 1952, 1956 ಮೂರೂ ಚಿನ್ನದ ತಂಡಗಳಲ್ಲಿದ್ದರು.

ನಾನು ಪ್ರೌಢಶಾಲೆಯ ಶಿಕ್ಷಕ. ಈ ಚಿತ್ರವನ್ನು ನಮ್ಮ ಶಾಲೆಯಲ್ಲೂ ತೋರಿಸಬೇಕೆಂದಿದ್ದೇನೆ. ಆದರೆ ಇಷ್ಟೊಂದು ಕಲ್ಪನೆ ಬೆರೆತ ಚಿತ್ರವನ್ನು ತೋರಿಸಿದರೆ ಮಕ್ಕಳು ಅದನ್ನೇ ಇತಿಹಾಸವೆಂದು ನಂಬುವುದಿಲ್ಲವೇ?
— ಓದುಗರೊಬ್ಬರು, ಲಿಂಗಸೂಗೂರು

ನಂಬುತ್ತಾರೆ. ದೊಡ್ಡವರೇ ನಂಬುವಾಗ ಮಕ್ಕಳ ಮಾತೇನು. ಆದರೂ ತೋರಿಸಿ ಎಂದೇ ನನ್ನ ಸಲಹೆ. 1948ರ ಆಟಗಾರರ ಹೆಸರನ್ನೇ ಕೇಳದ ಮಕ್ಕಳಿಗೆ ಅವರನ್ನು ತಿಳಿಯುವ ಆಸೆ ಹುಟ್ಟಿಸಲು ಪಾಠಪುಸ್ತಕದ ಒಂದು ಸಾಲಿಗಿಂತ ಈ ಚಿತ್ರಕ್ಕೆ ಶಕ್ತಿ ಹೆಚ್ಚು. ವಿದ್ಯಾರ್ಥಿನಿಲಯದಲ್ಲಿ ಚಿತ್ರ ಮುಗಿದ ಮೇಲೆ ಅರ್ಧ ಗಂಟೆ ಯಾರೂ ಮಲಗಲು ಹೋಗಲಿಲ್ಲ. ಅಂಗಳದಲ್ಲಿ ಬೇವಿನ ಬರಲನ್ನು ಕೋಲು ಮಾಡಿಕೊಂಡು, ಚಿಂದಿ ಸುತ್ತಿದ ಚೆಂಡನ್ನು ಹೊಡೆಯುತ್ತಾ ಇದ್ದರು.

ಚಿತ್ರವನ್ನು ಒಂದು ದಿನ, ಸತ್ಯವನ್ನು ಮರುದಿನ ಎಂದು ಹಂಚಿಕೊಳ್ಳಿ. ಮೊದಲ ದಿನ ಏನೂ ಹೇಳದೆ ಪೂರ್ತಿ ನೋಡಲು ಬಿಡಿ, ನಡುನಡುವೆ ನಿಲ್ಲಿಸಿ ತಿದ್ದುವುದು ಮಕ್ಕಳಿಗೆ ಮಾಡುವ ಅನ್ಯಾಯ. ಮರುದಿನ ಹಲಗೆಯ ಮೇಲೆ 4–0 ಎಂದಷ್ಟೇ ಬರೆದು, ಇದು ನಿಜವಾದ ಅಂಕವಾದರೆ ಚಿತ್ರದವರು ಏಕೆ ಬದಲಿಸಿದರು ಎಂದು ಕೇಳಿ. ಅವರ ಉತ್ತರಗಳನ್ನು ಕೇಳಿದ ಮೇಲೆ ನಿಜವಾದ ಹೆಸರುಗಳನ್ನು ಒಂದೊಂದಾಗಿ ಬರೆಯಿರಿ: ಕಿಶನ್ ಲಾಲ್, ‘ಬಾಬು’, ಬಲಬೀರ್, ಲಿಯೋ ಪಿಂಟೊ, ಜಂಟಲ್, ಕ್ಲಾಡಿಯಸ್, ಕೇಶವ ದತ್. ಚಿತ್ರದ ಆರಂಭದಲ್ಲಿ ಬರುವ 1936ರ ಬರ್ಲಿನ್ ಫೈನಲ್‌ನಲ್ಲಿ ಧ್ಯಾನ್‌ಚಂದ್ ಅವರ ತಂಡ ಜರ್ಮನಿಯನ್ನು 8–1ರಿಂದ ಸೋಲಿಸಿದ್ದು ಆಗಸ್ಟ್ 15ರಂದೇ ಎಂಬುದನ್ನು ಹೇಳಿ, ಆ ತಾರೀಖನ್ನು ಮಕ್ಕಳು ಎಂದೂ ಮರೆಯುವುದಿಲ್ಲ. ಪಂದ್ಯಕ್ಕೆ ಮುನ್ನ ಆಟಗಾರರು ಉಡುಪು ಬದಲಿಸುವ ಕೋಣೆಯಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜಕ್ಕೆ ವಂದಿಸಿದ್ದು ಚಿತ್ರಕ್ಕಾಗಿ ಕಟ್ಟಿದ ಮಾತಲ್ಲ, ನಡೆದ ಸಂಗತಿ.

ಇನ್ನೊಂದು ಮಾತು. ಚಿತ್ರದ ಕೊನೆಯಲ್ಲಿ ರಾಷ್ಟ್ರಗೀತೆ ಬಂದಾಗ ಮಕ್ಕಳು ತಾವಾಗಿಯೇ ಎದ್ದು ನಿಲ್ಲುತ್ತಾರೆ. ‘ಜನಗಣಮನ’ವನ್ನು ಸಂವಿಧಾನ ಸಭೆ ರಾಷ್ಟ್ರಗೀತೆಯಾಗಿ ಅಂಗೀಕರಿಸಿದ್ದು 1950ರ ಜನವರಿ 24ರಂದು ಎಂಬುದನ್ನೂ ಆ ಸಂದರ್ಭದಲ್ಲಿ ಹೇಳಬಹುದು. 1948ರ ಆ ಆಗಸ್ಟ್‌ನಲ್ಲಿ ದೇಶಕ್ಕೆ ಇನ್ನೂ ಸಂವಿಧಾನವೇ ಇರಲಿಲ್ಲ, ಬಾವುಟಕ್ಕೆ ವರ್ಷ ತುಂಬಿತ್ತಷ್ಟೆ, ನಿಮ್ಮ ಲಿಂಗಸೂಗೂರು ಇನ್ನೂ ನಿಜಾಮರ ಕೈಯಲ್ಲಿತ್ತು. ಆ ಹೊತ್ತಿನಲ್ಲಿ ಹನ್ನೊಂದು ಜನ ಕೆಸರಿನಲ್ಲಿ ಓಡಿದರು ಎಂದು ಹೇಳಿ ನೋಡಿ, ಅಂಕ ತಿದ್ದಿದ ಪಂದ್ಯಕ್ಕಿಂತ ಅದು ಅವರ ಮನಸ್ಸನ್ನು ಹಿಡಿಯುತ್ತದೆ.

ಹಾಕಿ ಎಂದರೆ ನಮ್ಮ ತಂದೆಗೆ 1980ರ ಮಾಸ್ಕೋ ಚಿನ್ನವೇ ನೆನಪು. ಆದರೆ ಮನೆಯಲ್ಲಿ ಉಳಿದವರು, ಅದು ಪೈಲ್ವಾನರೇ ಬಾರದ ಜಾತ್ರೆಯಲ್ಲಿ ಕುಸ್ತಿ ಗೆದ್ದಂತೆ ಎಂದು ಅವರನ್ನು ಸುಮ್ಮನಾಗಿಸುತ್ತಾರೆ. 1948ರ ಚಿನ್ನದ ಎದುರು ಅದಕ್ಕೆ ಬೆಲೆಯಿಲ್ಲವೇ?
— ಓದುಗರೊಬ್ಬರು, ಸಿರುಗುಪ್ಪ

ಬಾರದವರ ಪಟ್ಟಿ ದೊಡ್ಡದೇ ಇತ್ತು. ಬಹಿಷ್ಕಾರದಿಂದಾಗಿ ಪಾಕಿಸ್ತಾನ, ಪಶ್ಚಿಮ ಜರ್ಮನಿ, ನೆದರ್‌ಲ್ಯಾಂಡ್ಸ್, ಆಸ್ಟ್ರೇಲಿಯ ಯಾವ ತಂಡವೂ ಮಾಸ್ಕೋಗೆ ಬರಲಿಲ್ಲ. ಉಳಿದದ್ದು ಆರು ತಂಡ. ಟಾಂಜಾನಿಯ ವಿರುದ್ಧ 18–0 ಎಂಬಂಥ ಅಂಕಗಳು ಬಂದದ್ದು ಅದಕ್ಕೇ. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬಂದವರೊಡನೆ ಆಡಿ ಗೆಲ್ಲುವುದಷ್ಟೇ ಆಟಗಾರನ ಕೈಯಲ್ಲಿರುವುದು. ಪೋಲೆಂಡ್ ಮತ್ತು ಸ್ಪೇನ್ ಎರಡೂ ತಂಡಗಳು ಲೀಗ್ ಹಂತದಲ್ಲಿ ಭಾರತವನ್ನು 2–2ಕ್ಕೆ ತಡೆದಿದ್ದವು ಎಂಬುದನ್ನು ಮನೆಯವರಿಗೆ ನೆನಪಿಸಿ. ಭಾಸ್ಕರನ್ ಅವರ ನಾಯಕತ್ವದ ಆ ತಂಡದಲ್ಲಿ ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು ಎಂಬುದನ್ನೂ ಹೇಳಿ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಹಾಕಿ ಮೊದಲ ಬಾರಿ ನಡೆದದ್ದೂ ಅಲ್ಲಿಯೇ, ನಮ್ಮ ಹೆಣ್ಣುಮಕ್ಕಳು ನಾಲ್ಕನೆಯ ಸ್ಥಾನ ಪಡೆದರು.

ನಿಮ್ಮ ತಂದೆಯವರ ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ, ಏಕೆಂದರೆ 1948 ನನಗೆ ಓದಿ ತಿಳಿದ ಗೆಲುವು, 1980 ಕೇಳಿ ಅನುಭವಿಸಿದ ಗೆಲುವು. ಬಳ್ಳಾರಿಯಲ್ಲಿ ಪಿಯುಸಿ ಓದುತ್ತಿದ್ದ ನಾವು ನಾಲ್ವರು ಒಂದು ಬಾಡಿಗೆ ಕೋಣೆಯಲ್ಲಿದ್ದೆವು. ಮನೆಯ ಮಾಲೀಕರು ನಿವೃತ್ತ ರೈಲ್ವೆ ನೌಕರರು, ಅವರದ್ದೊಂದು ಮರ್ಫಿ ಟ್ರಾನ್ಸಿಸ್ಟರ್. ಜುಲೈ 29ರ ಫೈನಲ್ ದಿನ ಅವರು ಅದನ್ನು ಮಾಳಿಗೆಯ ಮೇಲೆ ಒಂದು ಹಿತ್ತಾಳೆ ಕೊಡದ ಬಾಯಿಗೆ ಆನಿಸಿ ಇಟ್ಟರು, ದನಿ ದೊಡ್ಡದಾಗಿ ಕೇಳಲಿ ಎಂದು. ನಮ್ಮವರು 3–0 ಮುಂದಿದ್ದಾಗ ನಾವು ಕುಣಿದೆವು. ಸ್ಪೇನ್ ಎರಡು ಗೋಲು ತಿರುಗಿಸಿದಾಗ ಕುಳಿತೆವು. ಮೊಹಮ್ಮದ್ ಶಾಹಿದ್ ನಾಲ್ಕನೆಯದನ್ನು ಹೊಡೆದರು, ಮತ್ತೆ ಎದ್ದೆವು. ಸ್ಪೇನ್‌ನವರು ಮೂರನೆಯದನ್ನು ಹೊಡೆದರು. ಆಗಲೇ ಸೆಲ್ಲುಗಳ ಕಸುವು ತೀರಿ, ವೀಕ್ಷಕ ವಿವರಣೆಗಾರರ ದನಿ ಸೊಳ್ಳೆಯ ಗುಂಯ್‌ಗುಡುವಿಕೆಯಷ್ಟಾಗಿ, ನಿಂತೇಹೋಯಿತು.

4–3ರಲ್ಲಿ ನಿಂತ ಪಂದ್ಯ ಏನಾಯಿತೆಂದು ತಿಳಿಯಲು ಮುಂದಿನ ವಾರ್ತೆಯವರೆಗೆ ಕಾಯಬೇಕಾಯಿತು. ನಮ್ಮಲ್ಲೊಬ್ಬ ಸೆಲ್ಲು ತರಲು ಓಡಿದ, ಅಂಗಡಿ ಬಾಗಿಲು ಹಾಕಿತ್ತು. ಮಾಲೀಕರು ಸೆಲ್ಲುಗಳನ್ನು ತೆಗೆದು ಅಂಗೈಗಳ ನಡುವೆ ಉಜ್ಜಿ ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ಹಾಕಿದರು. ವಾರ್ತೆಯ ಹೊತ್ತಿಗೆ ಎರಡು ನಿಮಿಷದಷ್ಟು ಜೀವ ಬಂತು. ಆ ಎರಡು ನಿಮಿಷದಲ್ಲಿ ಭಾರತ ಗೆದ್ದ ಸುದ್ದಿ ಬಂದಿತು. ಕೇಳಿದವರು ನಾವು ಐವರೇ, ಕೂಗಿದ್ದು ಮಾತ್ರ ಓಣಿಗೆಲ್ಲ ಕೇಳಿಸಿತು.

ಮರುದಿನ ಬೆಳಿಗ್ಗೆ ನಾವು ಕಾಲೇಜಿಗೆ ಹೊರಟಾಗ ಆ ಹಿರಿಯರು ಮಾಳಿಗೆಯ ಅಂಚಿನಲ್ಲಿ ನಾಲ್ಕೂ ಸೆಲ್ಲುಗಳನ್ನು ಎಳೆಬಿಸಿಲಿಗೆ ಸಾಲಾಗಿ ಇಡುತ್ತಿದ್ದರು. “ಪೇಪರ್ ತಗೊಂಡು ಬರ್ರಿ, ಹೆಸರೆಲ್ಲ ಓದಿ ಹೇಳ್ಬೇಕು” ಎಂದು ಮೇಲಿನಿಂದಲೇ ಕೂಗಿದರು. ಸಂಜೆ ನಾನು ಓದಿದೆ. ಒಂದೊಂದು ಹೆಸರಿಗೂ ಅವರು ತಲೆಯಾಡಿಸುತ್ತ, ಸೋಮಯ್ಯ ಎಂಬ ಹೆಸರು ಬಂದಾಗ ಅದೊಂದನ್ನು ಇನ್ನೊಮ್ಮೆ ಓದು ಎಂದರು.